ಶಾಲಾಪೂರ್ವ ಮಕ್ಕಳ ಮಾತು ಮತ್ತು ಅಕ್ಷರ: ರಿಪ್ಪನ್‌ಪೇಟೆ ಸೀಮೆ

ಮೂರರಿಂದ ಆರು ವರ್ಷದ ಮಕ್ಕಳ ಮಾತು ಬಲಿತು, ಮುಂದಿನ ಓದು-ಬರಹಕ್ಕೆ ಆಧಾರವಾಗುವ ಬಗೆ. ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯಲ್ಲೂ ಅಕ್ಕಪಕ್ಕದ ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲೂ ಈ ಕಲಿಕೆ ಮನೆಯ ಜಗಲಿಯಲ್ಲಿ ಶುರುವಾಗಿ ಅಂಗನವಾಡಿಯಲ್ಲಿ ಮುಂದುವರಿಯುತ್ತದೆ.

ಮಲೆನಾಡಿನ ಮನೆಗಳು ತೋಟ-ಗದ್ದೆಗಳ ನಡುವೆ ಚದುರಿಕೊಂಡಿವೆ. ಒಂಟಿಮನೆಯ ಮಗುವಿಗೆ ಮಾತಿನ ಜೊತೆ ಹೆಚ್ಚಾಗಿ ದೊಡ್ಡವರೇ. ಅಡಿಕೆ ಸುಲಿತದ ದಿನಗಳಲ್ಲಿ ಅಜ್ಜಿ ಮೆಟ್ಟುಗತ್ತಿಯ ಮುಂದೆ ಕೂತರೆ ಮಗು ಪಕ್ಕದಲ್ಲಿ ಸಿಪ್ಪೆ ರಾಶಿ ಹಾಕುತ್ತದೆ. ಗೊನೆ, ಹಾಳೆ, ಗೋಟು ಎಂಬ ಪದಗಳು ಕೈಗೆ ಸಿಕ್ಕ ವಸ್ತುವಿನ ಜೊತೆಗೇ ಬಾಯಿಗೆ ಬರುತ್ತವೆ. 'ಇದ್ಯಾಕಜ್ಜಿ ಕೆಂಪಗಿದೆ?' ಎಂದಾಗ ಸಿಗುವ ಉತ್ತರ ಯಾವ ಪಾಠಕ್ಕೂ ಕಡಿಮೆಯಲ್ಲ.

ಓರಗೆಯ ಮಕ್ಕಳ ಗುಂಪು ಸಿಗುವುದು ಅಂಗನವಾಡಿಯಲ್ಲಿ. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಪೂರಕ ಆಹಾರದಷ್ಟೇ ಶಾಲಾಪೂರ್ವ ಶಿಕ್ಷಣವೂ ಅದರ ಹೊಣೆ. ಅಂಗನವಾಡಿಗೆ ಬಂದ ಮಗುವಿಗೆ ಮನೆಮಾತಿನ ಪ್ರಶ್ನೆ ಎದುರಾಗುತ್ತದೆ. ಹವ್ಯಕರ ಮನೆಯಲ್ಲಿ ಹುಡುಗ 'ಮಾಣಿ', ಹುಡುಗಿ 'ಕೂಸು'. ಪುಸ್ತಕದ ಕನ್ನಡದಲ್ಲಿ ಕೂಸು ಎಂದರೆ ಎಳೆಮಗು. ಉರ್ದು, ಕೊಂಕಣಿ ಆಡುವ ಮನೆಗಳ ಮಕ್ಕಳಿಗೆ ಅಂತರ ಇನ್ನೂ ದೊಡ್ಡದು. ಮಗುವಿನ ಮಾತನ್ನು ತಪ್ಪೆನ್ನದೆ ಪೂರ್ತಿ ಕೇಳಿಸಿಕೊಂಡು, ಅದರ ಪಕ್ಕದಲ್ಲಿ ಹೊಸ ಪದವನ್ನು ಇಡುವ ಟೀಚರ್ ಇದ್ದರೆ ಮಗು ಬಾಯಿ ಬಿಡುತ್ತದೆ. ನಗುವವರಿದ್ದರೆ ಮೂಲೆ ಹಿಡಿಯುತ್ತದೆ.

ಕನ್ನಡದ ಅಕ್ಷರವು ಒಂಟಿ ಧ್ವನಿಗಿಂತ ಉಚ್ಚಾರದ ತುಣುಕಿಗೆ ಹತ್ತಿರ. 'ಮಳೆ'ಗೆ ಎರಡು ಚಪ್ಪಾಳೆ, 'ಕಂಬಳಿ'ಗೆ ಮೂರು. ಬರೆದರೂ ಅಷ್ಟೇ ಅಕ್ಷರ. ಅಂಗೈಗಳನ್ನು ನೆಲಕ್ಕೂರಿ ಆಡುವ 'ಅವಲಕ್ಕಿ ಪವಲಕ್ಕಿ'ಯಂಥ ಆಟ ಮಾತನ್ನು ಹೀಗೆ ಬಿಡಿಸುವ ಕಿವಿಯನ್ನು ತಯಾರು ಮಾಡುತ್ತದೆ. ವರ್ಣಮಾಲೆ 49 ಅಕ್ಷರಗಳದಾದರೂ ಕಾಗುಣಿತ, ಒತ್ತಕ್ಷರ ಸೇರಿದರೆ ರೂಪಗಳು ನೂರಾರು. ಕನ್ನಡ ಓದಿನ ಕಲಿಕೆಯ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಈ ಅಕ್ಷರಜ್ಞಾನ ಪ್ರಾಥಮಿಕ ತರಗತಿಗಳುದ್ದಕ್ಕೂ ನಿಧಾನವಾಗಿ ಕೂಡಿಬರುತ್ತದೆಂದು ತೋರಿಸಿತು. ಹಾಗಿರುವಾಗ ನಾಲ್ಕು ವರ್ಷದ ಮಗುವಿನಿಂದ ಸ್ಲೇಟು ತುಂಬ 'ಅ' ತಿದ್ದಿಸುವ ಅವಸರಕ್ಕೆ ಅರ್ಥವಿಲ್ಲ.

ಓದಿ ಹೇಳಲು ಕನ್ನಡದಲ್ಲಿ ಸಾಮಗ್ರಿಗೆ ಬರವಿಲ್ಲ: ಪಂಜೆ ಮಂಗೇಶರಾಯರು (1874–1937), ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳಿವೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು, ಬ್ರೌನಿಂಗ್ ಕವಿಯ ಕಥನವನ್ನು 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯಾಗಿ ಕನ್ನಡದ ಮಕ್ಕಳಿಗೆ ತಂದರು. ಇವನ್ನು ದಿನಕ್ಕೊಂದರಂತೆ ಮುಗಿಸುವುದಕ್ಕಿಂತ, ಮಗು 'ಇನ್ನೊಂದ್ಸಲ' ಎಂದಷ್ಟೂ ಸಲ ಅದೇ ಪುಟವನ್ನು ಬೆರಳಿಟ್ಟು ಓದುವುದು ಒಳ್ಳೆಯದು.