ಹೆಸರೊಂದು, ಕಲ್ಲೊಂದು: ಮಣಿಸರಗಳನ್ನು ಕೊಳ್ಳುವ ಮುನ್ನ

ಮದುವೆಯ ಸಂದರ್ಭದಲ್ಲಿ ಹವಳ, ಮುತ್ತು, ಸ್ಫಟಿಕಗಳ ಮಣಿಗಳನ್ನು ಕೊಳ್ಳುವುದು ನಮ್ಮ ಮನೆಗಳಲ್ಲಿ ನಡೆದುಬಂದ ವಾಡಿಕೆ. ನಮ್ಮ ಬಳಗದ ಮನೆಯೊಂದರಲ್ಲಿ ಮಗಳ ಮಾಂಗಲ್ಯಸರಕ್ಕೆಂದು ಪ್ರದರ್ಶನ-ಮಾರಾಟವೊಂದರಲ್ಲಿ ಕೊಂಡ ಎರಡು ಹವಳಗಳು ಆರೇ ತಿಂಗಳಲ್ಲಿ ಬಿಳಿಚಿಕೊಂಡವು. ಅದನ್ನು ಕಂಡ ಅಜ್ಜಿ ಅಪಶಕುನವೆಂದು ಹೆದರಿ ಊಟ ಬಿಟ್ಟರು. ಪರೀಕ್ಷಿಸಿದಾಗ ತಿಳಿದುದಿಷ್ಟೇ: ಅವು ‘ಬ್ಯಾಂಬೂ ಕೋರಲ್’ ಎಂಬ ಅಗ್ಗದ ಬಿಳಿ ಹವಳದ ತುಂಡುಗಳು, ಕೆಂಪು ಬಣ್ಣ ಹಚ್ಚಿದ್ದು. ಸ್ನಾನದ ಸಾಬೂನಿಗೆ ಬಣ್ಣ ಬಿಟ್ಟಿತ್ತು.

ಬಿದಿರಿನಂತೆ ಗೆಣ್ಣುಗಳಿರುವ ಈ ಹವಳವೂ ಸಮುದ್ರಜನ್ಯವೇ, ಸುಣ್ಣದ ಅಂಶದಿಂದಲೇ ಆದದ್ದು. ಆದುದರಿಂದ ‘ನಿಜವಾದ ಹವಳ’ ಎಂದು ಮಾರುವವನ ಮಾತು ಪೂರ್ತಿ ಸುಳ್ಳೂ ಅಲ್ಲ! ಆದರೆ ಸಹಜವಾಗಿಯೇ ಕೆಂಪಾಗಿರುವ ಮೆಡಿಟರೇನಿಯನ್ ಹವಳದ ಬೆಲೆಯನ್ನು ಇದಕ್ಕೆ ತೆರುವುದು ನ್ಯಾಯವಲ್ಲ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಹತ್ತಿಯನ್ನದ್ದಿ ಮಣಿಯ ರಂಧ್ರದ ಬಳಿ ಮೃದುವಾಗಿ ಒರೆಸಿದರೆ ಹಚ್ಚಿದ ಬಣ್ಣವು ಹಲವು ವೇಳೆ ಹತ್ತಿಗೆ ಅಂಟುತ್ತದೆ. ಅಂಗಡಿಯವರ ಅನುಮತಿಯಿಲ್ಲದೆ ಇದನ್ನು ಮಾಡಲಾಗದು. ಹವಳ, ಮುತ್ತುಗಳ ಮೇಲೆ ನಿಂಬೆರಸವನ್ನಂತೂ ಎಂದಿಗೂ ಪ್ರಯೋಗಿಸಬಾರದು. ಅಸಲಿ ವಸ್ತುವೇ ಹಾಳಾಗುತ್ತದೆ.

ವ್ಯಾಪಾರದ ಹೆಸರುಗಳಲ್ಲಿ ಹೆಚ್ಚು ಗೊಂದಲವಿರುವುದು ಜೇಡ್ ಕಲ್ಲಿನ ವಿಷಯದಲ್ಲಿ. ಜೇಡ್ ಎನಿಸಿಕೊಳ್ಳಲು ಅರ್ಹವಾದವು ಎರಡೇ ಖನಿಜಗಳು: ಜೇಡೈಟ್ ಮತ್ತು ನೆಫ್ರೈಟ್. ಇವೆರಡೂ ಬೇರೆ ಬೇರೆ ಎಂಬುದನ್ನು ಫ್ರೆಂಚ್ ವಿಜ್ಞಾನಿ ಅಲೆಕ್ಸಿಸ್ ಡಾಮೂರ್ 1863ರಲ್ಲಿ ತೋರಿಸಿಕೊಟ್ಟರು. ಮಾರುಕಟ್ಟೆಯ ‘ನ್ಯೂ ಜೇಡ್’ ಎಂಬುದು ಸರ್ಪೆಂಟೀನ್. ‘ಮಲೇಷಿಯನ್ ಜೇಡ್’ ಬಣ್ಣ ಹಾಕಿದ ಕ್ವಾರ್ಟ್ಜ್. ‘ಟ್ರಾನ್ಸ್‌ವಾಲ್ ಜೇಡ್’ ಗಾರ್ನೆಟ್ ವರ್ಗಕ್ಕೆ ಸೇರಿದ್ದು. ಇನ್ನು ‘ಇಂಡಿಯನ್ ಜೇಡ್’ ಎಂಬುದು ಹಸಿರು ಅವೆಂಚುರಿನ್, ಅಂದರೆ ಫುಕ್ಸೈಟ್ ಎಂಬ ಹಸಿರು ಅಭ್ರಕದ ಹರಳುಗಳು ಬೆರೆತ ಕ್ವಾರ್ಟ್ಜ್. ಇಂತಹ ಹಸಿರು ಶಿಲೆ ನಮ್ಮ ಹಾಸನ ಜಿಲ್ಲೆಯಲ್ಲಿಯೂ ಇದೆ. ತನ್ನ ಹೆಸರಿನಲ್ಲಿಯೇ ಮಾರಾಟವಾದರೆ ಅದು ಚೆಲುವಾದ ಕಲ್ಲೇ. ಪರರ ಹೆಸರಿನ ಹಂಗು ಅದಕ್ಕೆ ಬೇಕಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರುವ ಮಸೂರದಲ್ಲಿ ನೋಡಿದರೆ ಅಭ್ರಕದ ಚೂರುಗಳು ಮಿನುಗುವುದು ಕಾಣುತ್ತದೆ. ಬಣ್ಣ ಹಾಕಿದ ಕಲ್ಲಿನಲ್ಲಾದರೋ ಬಣ್ಣವು ಬಿರುಕುಗಳಲ್ಲಿ ಗೆರೆಗಟ್ಟಿ ನಿಂತಿರುತ್ತದೆ.

ಈ ಅವೆಂಚುರಿನ್ ಎಂಬ ಹೆಸರಿನ ಕಥೆಯೂ ಸ್ವಾರಸ್ಯಕರ. ಅದು ಮೊದಲು ವೆನಿಸ್‌ನ ಮುರಾನೊ ದ್ವೀಪದ ಗಾಜಿಗಿದ್ದ ಹೆಸರು; ಕಲ್ಲಿಗೆ ಬಂದದ್ದು ಆಮೇಲೆ. ತಾಮ್ರದ ಸೂಕ್ಷ್ಮ ಹರಳುಗಳಿಂದ ಥಳಥಳಿಸುವ ಆ ಕಂದುಬಣ್ಣದ ಗಾಜೇ ನಮ್ಮ ಪೇಟೆಗಳಲ್ಲಿ ‘ಸನ್ ಸಿತಾರಾ’ ಎಂಬ ಹೆಸರಿನಲ್ಲಿ ‘ರತ್ನ’ವಾಗಿ ಸಿಗುತ್ತಿದೆ. ಹಾಲುನೀಲಿಯ ‘ಓಪಲೈಟ್’, ಗುಲಾಬಿ ಎಳೆಗಳ ‘ಚೆರಿ ಕ್ವಾರ್ಟ್ಜ್’ ಎಂಬ ಮಣಿಗಳೂ ಸಾಮಾನ್ಯವಾಗಿ ಗಾಜೇ. ‘ವೈಟ್ ಟರ್ಕಾಯ್ಸ್’ ಎಂಬುದು ಹೌಲೈಟ್ ಅಥವಾ ಮ್ಯಾಗ್ನೆಸೈಟ್. ಅದಕ್ಕೇ ನೀಲಿ ಹಾಕಿದರೆ ‘ಫಿರೋಜಾ’! ಗಾಜೆಂದರೆ ಕೀಳೆಂದು ನಮ್ಮ ಅಭಿಪ್ರಾಯವಲ್ಲ. ನಮ್ಮ ಹೆಣ್ಣುಮಕ್ಕಳ ಕರಿಮಣಿಯೂ ಸಾಮಾನ್ಯವಾಗಿ ಗಾಜಿನದೇ ಅಲ್ಲವೇ? ಆದರೆ ಅದನ್ನು ಯಾರೂ ನೀಲಮಣಿಯೆಂದು ಮಾರುವುದಿಲ್ಲ.

ಜಪಮಾಲೆಯ ಸ್ಫಟಿಕವನ್ನು ಕೊಳ್ಳುವಾಗಲೂ ಎಚ್ಚರ ಅಗತ್ಯ. ಶುದ್ಧ ಸ್ಫಟಿಕವು ಕೆನ್ನೆಗೆ ತಾಗಿಸಿದರೆ ಗಾಜಿಗಿಂತ ತಂಪಾಗಿರುತ್ತದೆ, ಬೆಚ್ಚಗಾಗಲು ತಡಮಾಡುತ್ತದೆ. ಒಳಗೆ ದುಂಡನೆಯ ಗಾಳಿಗುಳ್ಳೆಗಳು ಕಂಡರೆ ಅದು ಗಾಜು. ದೊಡ್ಡ ಗೋಲವಾದರೆ ಅದರ ಕೆಳಗೆ ಕೂದಲೊಂದನ್ನಿಟ್ಟು ತಿರುಗಿಸುತ್ತ ನೋಡಬೇಕು; ಸ್ಫಟಿಕದಲ್ಲಿ ಅದು ಎರಡಾಗಿ ಕಾಣುತ್ತದೆ, ಗಾಜಿನಲ್ಲಿ ಒಂದೇ. ಪುಟ್ಟ ಮಣಿಗಳಲ್ಲಿ ಈ ಉಪಾಯ ನಡೆಯದು. ಪ್ರಯೋಗಾಲಯದಲ್ಲಿ ಬೆಳೆಸಿದ ಸ್ಫಟಿಕವನ್ನಂತೂ ಮನೆಯ ಯಾವ ಪರೀಕ್ಷೆಯೂ ಬೇರ್ಪಡಿಸಲಾರದು.

ಕಲ್ಲಿಗೆ ಮಾಡಿದ ಸಂಸ್ಕಾರವೆಲ್ಲವೂ ಮೋಸವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಗುಜರಾತಿನ ಖಂಭಾತ್‌ನ ಕುಶಲಕರ್ಮಿಗಳು ಅಗೇಟ್ ಕಲ್ಲನ್ನು ಕಾಯಿಸಿ ಕೆಂಪೇರಿಸುವುದು ಪ್ರಾಚೀನ ವಿದ್ಯೆ. ಆ ಬಣ್ಣ ಮಾಸುವುದಿಲ್ಲ. ಕಪ್ಪು ಓನಿಕ್ಸ್‌ಗೂ ಬಹುತೇಕ ಬಣ್ಣ ಕಟ್ಟಿರುತ್ತಾರೆ, ವ್ಯಾಪಾರದಲ್ಲಿ ಅದು ಎಲ್ಲರಿಗೂ ತಿಳಿದ ಸಂಗತಿ. ನಮ್ಮ ಆಕ್ಷೇಪ ಹೆಸರನ್ನು ಕುರಿತದ್ದು.

ಊರಿನ ಅಥವಾ ದೇಶದ ಹೆಸರು ಮುಂದೆ ಅಂಟಿಕೊಂಡಿದ್ದರೆ ಮೊದಲು ಸಂಶಯಪಡಬೇಕು. ‘ಅಮೆರಿಕನ್ ಡೈಮಂಡ್’ ಎಂಬುದು ಕ್ಯೂಬಿಕ್ ಜಿರ್ಕೋನಿಯಾ ಎಂದು ಈಗ ಎಲ್ಲರೂ ಬಲ್ಲರು. ಖನಿಜದ ನಿಜನಾಮ, ‘ನೈಸರ್ಗಿಕ’ವೋ ‘ಕೃತಕ’ವೋ ಎಂಬ ಮಾತು, ಬಣ್ಣ ಹಾಕಿದ್ದರೆ ಅದರ ಉಲ್ಲೇಖ, ಇಷ್ಟನ್ನು ಬಿಲ್ಲಿನಲ್ಲಿ ಬರೆಯಿಸಿಕೊಳ್ಳಬೇಕು. ಬೆಲೆ ದೊಡ್ಡದಾದರೆ ರತ್ನಪರೀಕ್ಷಾ ಪ್ರಯೋಗಾಲಯದ ವರದಿ ಕೇಳುವುದು ಒಳ್ಳೆಯದು. ಸುಳ್ಳು ವರ್ಣನೆಯಿಂದ ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಮೇಲೆ ಹೇಳಿದ ಮನೆಯವರ ಬಳಿಯೂ ಬಿಲ್ಲಿತ್ತು. ಅದರಲ್ಲಿ ‘ಕೆಂಪು ಮಣಿ, 2’ ಎಂದಷ್ಟೇ ಬರೆದಿದ್ದುದರಿಂದ ಹಣ ಮರಳಿ ಬರಲಿಲ್ಲ. ಅಜ್ಜಿ ಮಾತ್ರ ಬಣ್ಣದ ಸಂಗತಿ ತಿಳಿದ ದಿನವೇ ಊಟಕ್ಕೆ ಕುಳಿತರು.