ಓಲೆಗರಿ ಹಿಡಿದ ಧರ್ಮಯ್ಯನವರು ಮತ್ತು ದುರ್ಗದ ಸೀಮೆಯ ನಕ್ಷೆ

ಜ್ಯೇಷ್ಠ ಶುಕ್ಲ ಪಂಚಮಿಯಂದು ನಮ್ಮ ಬಸದಿಗಳಲ್ಲಿ ಶಾಸ್ತ್ರಭಂಡಾರದ ಬಾಗಿಲು ತೆರೆಯುತ್ತದೆ. ಓಲೆಗರಿಯ ಕಟ್ಟುಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರ ಸುತ್ತಿ, ಶ್ರಾವಕ ಶ್ರಾವಿಕೆಯರ ದರ್ಶನಕ್ಕೆ ಇಡುತ್ತೇವೆ. ಪುಷ್ಪದಂತ ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಗ್ರಂಥಸ್ಥಗೊಳಿಸಿದ ಸ್ಮರಣೆಯೇ ಈ ಶ್ರುತಪಂಚಮಿ. ಇದನ್ನು ಹೋಲುವ ಒಂದು ಪದ್ಧತಿ ಈಗ ಕೆಲವು ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳಲ್ಲಿ ಬೆಳೆದಿದೆ. ಹಳೆಯ ನಕ್ಷೆಗಳನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಹರಡಿ, ವಿದ್ವಾಂಸರಲ್ಲದವರೂ ಬಂದು ನೋಡುವಂತೆ ಬಾಗಿಲು ತೆರೆದಿಡುವುದು ಅದರ ಕ್ರಮ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ 2016ರಲ್ಲಿ ಆರಂಭವಾದ ನಕ್ಷಾ ಕೇಂದ್ರವು ಡೇವಿಡ್ ರಮ್ಸೆ ಎಂಬ ಸಂಗ್ರಾಹಕರು ತಾವು ಕೂಡಿಟ್ಟ ನಕ್ಷೆಗಳನ್ನು ದಾನವಿತ್ತುದರ ಫಲ. ಕೂಡಿಟ್ಟದ್ದನ್ನು ಬಿಟ್ಟುಕೊಡುವುದು ಅಪರಿಗ್ರಹದ ಒಂದು ಮುಖವೆಂಬುದನ್ನು ನಾವು ಬಲ್ಲೆವು.

ದೂರದ ಮಾತು ಹಾಗಿರಲಿ. ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನೆಲವನ್ನು ಅಳೆದು ಬರೆದ ಹಳೆಯ ನಕ್ಷೆಗಳ ಕಥೆಯೇನು? ಆ ಕಥೆಯಲ್ಲಿ ಜೈನ ವಿದ್ವಾಂಸರೊಬ್ಬರ ಪಾತ್ರ ದೊಡ್ಡದಾಗಿದ್ದರೂ ನಮ್ಮಲ್ಲಿ ಅನೇಕರು ಅವರ ಹೆಸರನ್ನೇ ಕೇಳಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಯ ಗಡಿ, ಊರು, ಕೆರೆ, ದಾರಿಗಳನ್ನು ತಿಳಿಯುವ ಅಗತ್ಯ ಈಸ್ಟ್ ಇಂಡಿಯಾ ಕಂಪೆನಿಗೆ ಉಂಟಾಯಿತು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬಲ್ಲಿ ಹುಟ್ಟಿ, 1783ರಲ್ಲಿ ಭಾರತಕ್ಕೆ ಬಂದಿದ್ದ ಕಾಲಿನ್ ಮೆಕೆಂಜಿಯು ಆ ಹೊಣೆ ಹೊತ್ತನು. 1800ರಿಂದ ಸುಮಾರು ಹತ್ತು ವರ್ಷ ನಡೆದ ಈ ಸರ್ವೇಕ್ಷಣೆ 40,000 ಚದರ ಮೈಲಿಗಳನ್ನು ಒಳಗೊಂಡಿತು. 1779ರಲ್ಲಿ ಹೈದರಾಲಿಯ ಕೈಗೆ ಬಿದ್ದು ಪಾಳೆಯಗಾರರ ಆಳ್ವಿಕೆಯನ್ನು ಕಳೆದುಕೊಂಡಿದ್ದ ಚಿತ್ರದುರ್ಗದ ಸೀಮೆಯೂ ಈ ಅಳತೆಗೆ ಒಳಪಟ್ಟಿತು.

ಮೆಕೆಂಜಿಯು ನೆಲವನ್ನಷ್ಟೇ ಅಳೆಯಲಿಲ್ಲ. ಶಾಸನ, ಓಲೆಗರಿ, ಕೈಫಿಯತ್ತು, ನಾಣ್ಯಗಳನ್ನೂ ಕಲೆಹಾಕಿದನು. ಆದರೆ ಅವನಿಗೆ ಕನ್ನಡ ಬಾರದು. ಹಳಗನ್ನಡದ ಶಾಸನವಂತೂ ಕಲ್ಲಿನ ಮೇಲಿನ ಗೀಟು ಮಾತ್ರ. ಅದನ್ನು ಓದಿ ಅರ್ಥ ಹೇಳಿದವರಲ್ಲಿ ಪ್ರಮುಖರು ಚಾಮರಾಜನಗರದ ಬಳಿಯ ಮಲೆಯೂರಿನ ಧರ್ಮಯ್ಯನವರು. ಕನಕಗಿರಿಯ ನೆರಳಿನಲ್ಲಿ ಬೆಳೆದ ಈ ಜೈನ ಪಂಡಿತರ ಓದು ಇಲ್ಲದಿದ್ದರೆ ಎಷ್ಟೋ ಶಾಸನಗಳು ಮೂಕವಾಗಿಯೇ ಉಳಿಯುತ್ತಿದ್ದವು. ಅವನ ಇನ್ನೊಬ್ಬ ಸಹಾಯಕ ಕಾವಲಿ ಬೊರಯ್ಯನು ಜೈನ ಪುರೋಹಿತರೊಬ್ಬರಿಂದ ಕೇಳಿ ಭಾಷಾಂತರಿಸಿದ ಜೈನರ ವೃತ್ತಾಂತವು 1807ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ರಿಸರ್ಚಸ್‌ನ 9ನೇ ಸಂಪುಟದಲ್ಲಿ ಪ್ರಕಟವಾಯಿತು. ಜೈನಧರ್ಮದ ಪರಿಚಯವನ್ನು ಯೂರೋಪಿಗೆ ಮಾಡಿಕೊಟ್ಟ ಆರಂಭದ ಬರಹಗಳಲ್ಲಿ ಇದೂ ಒಂದು.

1816ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ವರ್ಣಚಿತ್ರವೊಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೆಂಪು ಸಮವಸ್ತ್ರದ ಮೆಕೆಂಜಿಯ ಸುತ್ತ ಮೂವರು ಭಾರತೀಯರು ನಿಂತಿದ್ದಾರೆ. ಒಬ್ಬನ ಕೈಯಲ್ಲಿ ದೂರದರ್ಶಕ. ಓಲೆಗರಿ ಹಿಡಿದವರು ಧರ್ಮಯ್ಯನವರೆಂದು ವಿದ್ವಾಂಸರು ಗುರುತಿಸುತ್ತಾರೆ. ಹಿನ್ನೆಲೆಯ ಬೆಟ್ಟದ ಮೇಲೆ ಕಾರ್ಕಳದ ಗೊಮ್ಮಟ. ದೂರದರ್ಶಕ ನೆಲವನ್ನು ನೋಡಿತು, ಓಲೆಗರಿ ಕಾಲವನ್ನು ನೋಡಿತು. ಎರಡೂ ಕೂಡಿದಾಗ ನಾಡಿನ ಚರಿತ್ರೆ ಸಿದ್ಧವಾಯಿತು.

ಭಾರತದ ಮೊದಲ ಸರ್ವೇಯರ್ ಜನರಲ್ ಆಗಿದ್ದ ಮೆಕೆಂಜಿ 1821ರಲ್ಲಿ ತೀರಿಕೊಂಡನು. ಅವನ ಪತ್ನಿಯಿಂದ ಕಂಪೆನಿ ಸರ್ಕಾರವು ಸಂಗ್ರಹವನ್ನು ಸುಮಾರು 1 ಲಕ್ಷ ರೂಪಾಯಿಗೆ ಕೊಂಡಿತು. ಆ ಬಳಿಕ ಅದು ಲಂಡನ್, ಮದರಾಸುಗಳಲ್ಲಿ ಹಂಚಿಹೋಯಿತು. ಮದರಾಸಿನಲ್ಲಿ ಉಳಿದ ಕನ್ನಡ ಕೈಫಿಯತ್ತುಗಳನ್ನು ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1994ರಲ್ಲಿ ಪ್ರಕಟಿಸಿತು. 2017ರಲ್ಲಿ ಮೆಕೆಂಜಿಯ ಹುಟ್ಟೂರು ಸ್ಟಾರ್ನೊವೇಯಲ್ಲಿ ಅವನ ಸಂಗ್ರಹದ ವಸ್ತುಗಳ ಪ್ರದರ್ಶನ ನಡೆಯಿತು. ಅಳೆದವನ ಊರಿಗೆ ಸಂಗ್ರಹ ಹೋಯಿತು. ಅಳೆಸಿಕೊಂಡ ಊರುಗಳಿಗೆ ಅದರ ಪ್ರತಿಯಾದರೂ ಬರಬೇಡವೇ?

ಇದು ಬರಿಯ ಅಭಿಮಾನದ ಪ್ರಶ್ನೆಯಲ್ಲ. ವೇದಾವತಿಗೆ ಅಡ್ಡಲಾಗಿ ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರವನ್ನು ಕಟ್ಟಿದ್ದು 1898ರಿಂದ 1907ರವರೆಗೆ. ಅದು 130 ಅಡಿ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಅನಂತರ, 2022ರಲ್ಲಿ. ಈ ನಡುವೆ ಮೂರು ತಲೆಮಾರುಗಳು ಕಳೆದಿದ್ದವು. ಹಿನ್ನೀರು ಹೊಸದುರ್ಗದ ಕಡೆಗೆ ಎಲ್ಲಿಯವರೆಗೆ ಏರಬಲ್ಲುದೆಂಬುದನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ ಉಳಿದಿದ್ದರು? ಮನುಷ್ಯರ ನೆನಪು ಅಳಿದಾಗ ಊರಿನ ನೆನಪನ್ನು ಕಾಯುವುದು ನಕ್ಷೆಯೇ. ಹೊಳಲ್ಕೆರೆಯ ಹೆಸರಿನಲ್ಲೇ ಕೆರೆಯಿದೆ; ಒತ್ತುವರಿಯಾದ ಕೆರೆಯ ಅಂಗಳ ಮೊದಲು ಎಷ್ಟು ದೂರ ಚಾಚಿತ್ತೆಂಬುದಕ್ಕೆ ಹಳೆಯ ನಕ್ಷೆಯಂಥ ನಿಷ್ಪಕ್ಷಪಾತ ಸಾಕ್ಷಿ ವಿರಳ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯಿದೆ. ಅದರ ಸುತ್ತ ಊರು ಹೇಗಿತ್ತು, ದಾರಿ ಎತ್ತ ಹೋಗುತ್ತಿತ್ತು ಎಂದು ಕೇಳುವವರಿಗೂ ನಕ್ಷೆ ಬೇಕು. ಅಸ್ತೇಯವ್ರತವನ್ನು ಪಾಲಿಸುವವನು ಪರರ ಗಡಿಯನ್ನು ಮೀರಬಾರದು. ಆದರೆ ಗಡಿ ಎಲ್ಲಿದೆಯೆಂದೇ ತಿಳಿಯದಿದ್ದರೆ ವ್ರತಪಾಲನೆ ಹೇಗೆ?

ಹಾಗೆಂದು ನಕ್ಷೆಯನ್ನು ಸರ್ವಜ್ಞನ ವಾಣಿಯೆಂದು ಭಾವಿಸಬೇಕಾಗಿಲ್ಲ. ಕಂದಾಯಕ್ಕೂ ಸೈನ್ಯಕ್ಕೂ ಬೇಕಾದುದನ್ನು ಕಂಪೆನಿಯ ನಕ್ಷೆ ಗುರುತಿಸಿತು, ಬೇಡವಾದುದನ್ನು ಬಿಟ್ಟಿತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಒಂದು ನಯ ಮಾತ್ರ. ಊರವರು ಬರೆಸಿದ ಕೈಫಿಯತ್ತು ಇನ್ನೊಂದು ನಯ, ಬಸದಿಯ ಶಾಸನ ಮತ್ತೊಂದು. ಇವೆಲ್ಲವನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವುದೇ ಅನೇಕಾಂತ ದೃಷ್ಟಿ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೂಡುಬಿದಿರೆಯಲ್ಲಿ ಧವಲಾದಿ ಗ್ರಂಥಗಳು ಶತಮಾನಗಳ ಕಾಲ ದರ್ಶನಕ್ಕೆ ಸಿಕ್ಕವೇ ಹೊರತು ಓದಿಗೆ ಸಿಗಲಿಲ್ಲ. ಮುದ್ರಿತ ಷಟ್ಖಂಡಾಗಮದ ಮೊದಲ ಸಂಪುಟ ಹೊರಬಂದದ್ದು 1939ರಲ್ಲಿ. ಗ್ರಂಥಗಳನ್ನು ಕಾಪಾಡಿದ ಹಿರಿಯರಿಗೆ ನಮಸ್ಕಾರ ಸಲ್ಲಲೇಬೇಕು. ಆದರೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ದಾರಿ ಅದಕ್ಕಿಂತ ಮಿಗಿಲು. ಗಾಜಿನ ಹಿಂದಿಟ್ಟು ತೋರಿಸುವುದು ದರ್ಶನ, ಪ್ರತಿ ಮಾಡಿ ಕೈಗೆ ಕೊಟ್ಟು ಓದಿಸುವುದು ಶಾಸ್ತ್ರದಾನ.

ಆದುದರಿಂದ ಒಂದು ವಿನಂತಿ. ಜಿಲ್ಲೆಯ ಸ್ನಾತಕೋತ್ತರ ಕೇಂದ್ರ, ಕಾಲೇಜುಗಳು ವರ್ಷಕ್ಕೊಂದು ದಿನ ಈ ಸೀಮೆಯ ಹಳೆಯ ನಕ್ಷೆಗಳ ಪ್ರತಿಗಳನ್ನು ತರಿಸಿ, ಕನ್ನಡದಲ್ಲಿ ವಿವರಣೆ ಬರೆದು, ರೈತರಿಗೂ ಶಾಲೆಯ ಮಕ್ಕಳಿಗೂ ಬಾಗಿಲು ತೆರೆಯಲಿ. ವೆಚ್ಚದ ಒಂದು ಪಾಲನ್ನು ನಮ್ಮ ಸಮಾಜ ವಹಿಸಿಕೊಳ್ಳಲಿ. ಆ ದಿನ ಶ್ರುತಪಂಚಮಿಯೇ ಆದರೆ ಇನ್ನೂ ಒಳ್ಳೆಯದು. ಧರ್ಮಯ್ಯನವರು ಓದಿ ಹೇಳಿದ್ದು ಅಂದು ಒಬ್ಬ ಅಧಿಕಾರಿಗೆ. ಅದನ್ನು ಊರಿಗೆಲ್ಲ ಓದಿ ಹೇಳುವ ಋಣ ನಮ್ಮ ಮೇಲಿದೆ.