ಕುಂಕುಮದ ಮರ

ಹರಳಿನ ಕುಟುಂಬಕ್ಕೆ (ಯೂಫೋರ್ಬಿಯೇಸೀ) ಸೇರಿದ, ರೇಷ್ಮೆಗೆ ಕಿತ್ತಳೆ ಬಣ್ಣ ಕೊಡುವ ಮರ. ಶಾಸ್ತ್ರೀಯ ನಾಮ ಮ್ಯಾಲೋಟಸ್ ಫಿಲಿಪೆನ್ಸಿಸ್. ಸಂಸ್ಕೃತದಲ್ಲಿ ಕಂಪಿಲ್ಲಕ, ಹಿಂದಿಯಲ್ಲಿ ಕಮಲಾ. ಕಾಯಿಯ ಮೇಲಿನ ಕೆಂಪು ಪುಡಿಗೆ ಚಂದ್ರಹಿಟ್ಟು ಎಂಬ ಹೆಸರಿದೆ. ಬೀಜದಿಂದ ಬಣ್ಣ ಕೊಡುವ, ಅಮೆರಿಕ ಮೂಲದ ರಂಗಮಾಲೆ ಬೇರೆ ಗಿಡ.

ಲಕ್ಷಣ: ಸಾಮಾನ್ಯವಾಗಿ ಸಣ್ಣ ಅಥವಾ ಮಧ್ಯಮ ಗಾತ್ರದ ನಿತ್ಯಹರಿದ್ವರ್ಣ ಮರ. ಎಲೆಯ ಬುಡದಿಂದ ಮೂರು ನರಗಳು ಹೊರಡುತ್ತವೆ. ಎಲೆಯ ಕೆಳಮೈಯಲ್ಲಿ ಸೂಕ್ಷ್ಮ ಕೆಂಪು ಗ್ರಂಥಿಗಳಿರುತ್ತವೆ. ಗಂಡು ಮತ್ತು ಹೆಣ್ಣು ಹೂಗಳು ಬೇರೆ ಬೇರೆ ಮರಗಳಲ್ಲಿ ಬಿಡುತ್ತವೆ. ಮೂರು ಹೋಳಿನ ಕಾಯಿ ಮಾಗುವಾಗ ಇಟ್ಟಿಗೆಗೆಂಪು ಪುಡಿಯಿಂದ ಮುಚ್ಚಿಹೋಗುತ್ತದೆ. ಭಾರತ, ಶ್ರೀಲಂಕಾದಿಂದ ಆಸ್ಟ್ರೇಲಿಯಾದವರೆಗೆ ಹಬ್ಬಿರುವ ಈ ಮರ ಕರ್ನಾಟಕದಲ್ಲಿ ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುತ್ತದೆ.

ಬಣ್ಣಗಾರಿಕೆ: ಮಾಗಿದ ಕಾಯಿಗಳನ್ನು ಬುಟ್ಟಿಯಲ್ಲಿ ಹಾಕಿ ಉಜ್ಜಿ, ಉದುರಿದ ಪುಡಿಯನ್ನು ಜರಡಿ ಹಿಡಿಯುತ್ತಾರೆ. ಬಣ್ಣದ ಮುಖ್ಯ ಅಂಶ ರಾಟ್ಲೆರಿನ್. ಪುಡಿ ತಣ್ಣೀರಿನಲ್ಲಿ ಕರಗದೆ ತೇಲುತ್ತದೆ. ಕ್ಷಾರ ಬೆರೆತ ನೀರಿನಲ್ಲಿ ಕರಗಿ ಕಡುಗೆಂಪು ದ್ರಾವಣವಾಗುತ್ತದೆ. ಕ್ಷಾರದ ಈ ಗುಣವನ್ನು ಬಣ್ಣಗಾರರು ಅನುಭವದಿಂದಲೇ ಅರಿತಿದ್ದರು. ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರೊ ದಾಖಲಿಸಿದ ವಿಧಾನದಲ್ಲಿ ನಾಲ್ಕು ಪಾಲು ಪುಡಿಗೆ ಒಂದು ಪಾಲು ಪಟಿಕ, ಎರಡು ಪಾಲು ಸೋಡಾ ಉಪ್ಪು ಸೇರುತ್ತವೆ. ಇವನ್ನು ತುಸುವೇ ಎಳ್ಳೆಣ್ಣೆಯೊಡನೆ ಅರೆದು, ಕುದಿಯುವ ನೀರಿಗೆ ಹಾಕಿ, ಬಣ್ಣ ಒಂದೇ ಸಮ ಹಿಡಿಯುವಂತೆ ರೇಷ್ಮೆಯನ್ನು ಮಗುಚುತ್ತಿರಬೇಕು. ಕುದಿಸಿದಷ್ಟೂ ಬಣ್ಣ ಗಾಢವಾಗುತ್ತದೆ. ಹತ್ತಿಗಿಂತ ರೇಷ್ಮೆ ಮತ್ತು ಉಣ್ಣೆಗೆ ಇದು ಚೆನ್ನಾಗಿ ಒಗ್ಗುತ್ತದೆ.

ಬೆಂಗಳೂರಿನ ನಂಟು: 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಬೆಂಗಳೂರಿನ ಪಟ್ಟೆಗಾರರು ಮತ್ತು ಖತ್ರಿಗಳು ರೇಷ್ಮೆ ನೇಯುವುದರ ಜೊತೆಗೆ ಬಣ್ಣವನ್ನೂ ತಾವೇ ಹಾಕುತ್ತಿದ್ದುದನ್ನು ಬರೆದಿದ್ದಾನೆ. ಅವನು ಹೆಸರಿಸಿದ ಬಣ್ಣಗಳಲ್ಲಿ ಈ ಮರದ ಪುಡಿಯೂ ಇದೆ. ನೂಲಿನ ಅಂಟು ತೆಗೆಯಲು ಸೌಳು (ಕ್ಷಾರದ ಮಣ್ಣು) ಬೆರೆಸಿದ ನೀರಿನಲ್ಲಿ ಕುದಿಸುತ್ತಿದ್ದರು. 1856ರಲ್ಲಿ ಲಂಡನ್ನಿನಲ್ಲಿ ಮೊದಲ ಕೃತಕ ಬಣ್ಣ ಸಿದ್ಧವಾಯಿತು. ಮುಂದೆ ಅಗ್ಗದ ರಾಸಾಯನಿಕ ಬಣ್ಣಗಳು ಹರಡಿದಂತೆ ಕಾಡಿನ ಪುಡಿಗೆ ಬೇಡಿಕೆ ಕುಗ್ಗಿತು.

ಔಷಧ ಮತ್ತು ಇತರ ಬಳಕೆ: ಆಯುರ್ವೇದದಲ್ಲಿ ಕಂಪಿಲ್ಲಕ ಹೊಟ್ಟೆಹುಳುವಿಗೆ, ಅದರಲ್ಲೂ ಲಾಡಿಹುಳುವಿಗೆ ಮದ್ದು, ಚರ್ಮರೋಗಗಳಿಗೆ ಲೇಪವೂ ಹೌದು. ಇದು ಭೇದಿಕಾರಕ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಫಲವಂತಿಕೆ ತಗ್ಗಿದ್ದು ಕಂಡಿರುವುದರಿಂದ ಗರ್ಭಿಣಿಯರು ಸೇವಿಸಬಾರದು. ಉಳಿದವರೂ ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಬಾರದು. ಬೀಜದೆಣ್ಣೆ ಗಾಳಿಗೆ ಬೇಗ ಒಣಗುವುದರಿಂದ ಪೇಂಟ್, ವಾರ್ನಿಷ್‌ಗೆ ಒದಗುತ್ತದೆ.

ಕಲಬೆರಕೆ: ಪುಡಿಗೆ ಇಟ್ಟಿಗೆ ಪುಡಿ, ಕೆಮ್ಮಣ್ಣು ಬೆರೆಸುವುದುಂಟು. ನೀರಿಗೆ ಹಾಕಿದರೆ ಮಣ್ಣು ತಳಕ್ಕಿಳಿಯುತ್ತದೆ. ಸುಟ್ಟಾಗ ಬೂದಿ ಹೆಚ್ಚು ಉಳಿಯುತ್ತದೆ.

ಸಂರಕ್ಷಣೆ: ಬೇರನ್ನು ಅಗೆದು ಬಣ್ಣ ತೆಗೆಯುವ ಮಡ್ಡಿಯಂತಲ್ಲದೆ, ಇಲ್ಲಿ ಕಾಯಿ ಕೊಯ್ದರೆ ಸಾಕು, ಮರ ಉಳಿಯುತ್ತದೆ. ಆದರೆ ಕೊಂಬೆ ಕಡಿದು ಕಾಯಿ ಕೀಳುವುದು ಮುಂದಿನ ವರ್ಷದ ಫಸಲಿಗೆ ಹಾನಿ. ಪುಡಿ ಸಿಗುವುದು ಹೆಣ್ಣು ಮರದಿಂದಷ್ಟೇ. ಗಂಡು ಮರ ಹತ್ತಿರವಿಲ್ಲದಿದ್ದರೆ ಕಾಯಿ ಕಚ್ಚುವುದಿಲ್ಲ. ಆದ್ದರಿಂದ ಬಣ್ಣಕ್ಕಾಗಿ ನೆಡುವವರು ಎರಡನ್ನೂ ಬೆಳೆಸಬೇಕು.